ಕೆಂಪು ಕಾಡಿನ ರೈಲು

ಪರಮಶಿವಯ್ಯನವರಿಗೆ ತೊಂದರೆ ಬಂದದ್ದು ರೈಲಿನಿಂದಲ್ಲ, ರೈಲು ಇದ್ದ ಡಬ್ಬದ ಮುಚ್ಚಳದಿಂದ.

ಆನೇಮಹಲಿನಲ್ಲಿ ಹೆದ್ದಾರಿಯ ಪಕ್ಕಕ್ಕೆ ಅವರ ದಿನಸಿ ಅಂಗಡಿ, ಅಂಗಡಿಯ ಬೆನ್ನಿಗೆ ಮನೆ. ಹತ್ತಿರದ ಎಸ್ಟೇಟೊಂದರ ಮ್ಯಾನೇಜರು ಕೆಲಸ ಬಿಟ್ಟು ಹೊರಡುವಾಗ ಬಂಗಲೆಯ ಸಾಮಾನನ್ನೆಲ್ಲ ಮಾರಿದರು. ಉಳಿದವರು ಸೋಫಾ, ಫ್ರಿಜ್ಜು ಎಂದು ಮುಗಿಬಿದ್ದಾಗ ಪರಮಶಿವಯ್ಯನವರು ಒಂದು ರಟ್ಟಿನ ಡಬ್ಬವನ್ನು ಎದೆಗವಚಿಕೊಂಡು ಬಂದರು. ಒಳಗಿದ್ದದ್ದು ವಿದೇಶದ ಪುಟ್ಟ ರೈಲು. ಗೇಣುದ್ದದ ಎಂಜಿನ್ನು, ಹಿಂದೆ ಬೋಗಿಗಳು, ತುಂಡು ತುಂಡು ಹಳಿ, ಕರೆಂಟಿಗೆ ಸಿಕ್ಕಿಸುವ ಒಂದು ಕರಿಯ ಪೆಟ್ಟಿಗೆ. ಹಳೆಯ ಹಳಿ ಕಿತ್ತು ಅಗಲದ ಹಳಿ ಹಾಕುತ್ತೇವೆಂದು ಸಕಲೇಶಪುರದ ರೈಲನ್ನು ನಿಲ್ಲಿಸಿ ಆಗಲೇ ಐದಾರು ವರ್ಷವಾಗಿತ್ತು. ಬೆಳಗಿನ ಗಾಡಿಯ ಕೂಗಿಗೆ ಸರಿಯಾಗಿ ಲಿಂಗಪೂಜೆಗೆ ಕೂರುತ್ತಿದ್ದ ಪರಮಶಿವಯ್ಯನವರಿಗೆ ಅಂದಿನಿಂದ ಪೂಜೆಯ ಹೊತ್ತೇ ಹಳಿ ತಪ್ಪಿದಂತಾಗಿತ್ತು. ಶಿವನೇ ಮನಸ್ಸು ಕರಗಿ ಡಬ್ಬದೊಳಗೆ ಒಂದು ರೈಲಿಟ್ಟು ಕಳಿಸಿದ್ದಾನೆ ಎಂದುಕೊಂಡರು.

ಆ ಡಬ್ಬದ ಮುಚ್ಚಳದ ಮೇಲೊಂದು ಚಿತ್ರ. ಯಾವುದೋ ಚಳಿದೇಶದ ಹಳ್ಳಿಗಾಡು, ಎಲೆ ಉದುರುವ ಕಾಲ. ಗುಡ್ಡದ ಮರಗಳೆಲ್ಲ ಹಳದಿ, ಕೆಂಪು, ಕಾವಿ. ನೆಲದ ಮೇಲೂ ಅದೇ ಬಣ್ಣದ ಎಲೆಯ ಹಾಸು. ನಡುವೆ ರೈಲು ತನ್ನ ಪಾಡಿಗೆ ಹೋಗುತ್ತಿದೆ. ರೈಲು ಕೊಟ್ಟವನು ಚಿತ್ರವನ್ನೂ ಕೊಟ್ಟಿದ್ದಾನೆಂದ ಮೇಲೆ ಅದು ಇರಬೇಕಾದ್ದೇ ಹೀಗೆ ಎಂಬುದು ಪರಮಶಿವಯ್ಯನವರ ನಂಬಿಕೆ. ವ್ರತದ ಪುಸ್ತಕದಲ್ಲಿ ಹಾಕಿದ ಮಂಡಲವನ್ನು ನಮಗೆ ಬೇಕಾದ ಹಾಗೆ ಬರೆಯಲಾಗುತ್ತದೆಯೆ?

ಅವರು ಮನೆಯ ಹಾಲ್‌ನ ನಡುವೆ ಮಂಚದಗಲದ ಹಲಗೆ ಹೂಡಿದರು. ಹಳೆಯ ಗೋಣಿಚೀಲಕ್ಕೆ ಮೈದಾ ಅಂಟು ಬಳಿದು ಗುಡ್ಡ ಎಬ್ಬಿಸಿದರು. ಗುಡ್ಡಕ್ಕೊಂದು ಸುರಂಗ ಕೊರೆದರು. ಒಡೆದ ಕನ್ನಡಿಯ ಚೂರು ಕೆರೆಯಾಯಿತು. ಪಕ್ಕದ ತೋಟದ ಲಕ್ಕಪ್ಪ ಕಾಫಿ ಗಿಡ ಸವರಿ ಬೇಲಿಯ ಹತ್ತಿರ ಎಸೆದಿದ್ದ ಕಡ್ಡಿಗಳನ್ನು ಆರಿಸಿ ತಂದು ಮರ ಮಾಡಿದರು. ಕಡ್ಡಿಗೆ ಗೋಂದು ಹಚ್ಚಿ, ಸಾಮಿಲ್ಲಿನ ಮರದ ಹೊಟ್ಟನ್ನು ಅದ್ದಿ, ಅದರ ಮೇಲೆ ಅಂಗಡಿಯ ಅರಿಶಿನ, ಕುಂಕುಮಗಳನ್ನು ಕೈತುಂಬ ಉದುರಿಸಿದರು. ಮುಚ್ಚಳದ ಚಿತ್ರ ಹಲಗೆಯ ಮೇಲೆ ಇಳಿದು ಕುಳಿತಂತಾಯಿತು.

"ರೀ," ಎಂದರು ಹೆಂಡತಿ ರಾಜಲಕ್ಷ್ಮಮ್ಮ, ಮೇಳದ ದಿನ ಬೆಳಿಗ್ಗೆ ಕಾಫಿಯ ಲೋಟವನ್ನು ಗುಡ್ಡದ ನೆತ್ತಿಯ ಮೇಲೇ ಕುಕ್ಕಿ. "ಈ ಹಾಲ್‌ನಲ್ಲಿ ಗೋಡೆ ಸವರ್ಕಂಡು ಓಡಾಡಿ ಓಡಾಡಿ ನಾನು ಹಲ್ಲಿ ಆಗೋದೊಂದು ಬಾಕಿ. ಇವತ್ತು ಹೊಸಕೋಟೆ ಮೇಳದಲ್ಲಿ ಇದಕ್ಕೆ ಬಹುಮಾನ ಬಂತೋ, ಇಲ್ಲೇ ಇರ್ಲಿ, ಇನ್ನು ಬಾಯಿ ತೆಗೆಯಲ್ಲ. ಬರ್ಲಿಲ್ವೋ, ಹಲಗೆ ಬಚ್ಚಲ ಒಲೆಗೆ."

"ಬತ್ತದೆ ಕಣೆ," ಎಂದರು ಪರಮಶಿವಯ್ಯನವರು. "ನಿನ್ನೆ ಸಂಜೆ ಒಂದು ಸುತ್ತು ಓಡ್ತು. ನೀನೇ ನೋಡ್ಲಿಲ್ಲ."

"ನಾನು ಅಂಗಡೀಲಿ ಅರಿಶಿನ ಯಾಕಿಲ್ಲ ಅಂತ ಗಿರಾಕಿಗೆ ಉತ್ತರ ಹೇಳ್ತಿದ್ದೆ," ಎಂದು ರಾಜಲಕ್ಷ್ಮಮ್ಮ ಹೋಗಿ ಗಲ್ಲಾದ ಮುಂದೆ ಕುಳಿತರು.

ಕೆ. ಹೊಸಕೋಟೆಯಲ್ಲಿ ಅಂದು ಬೆಳೆಗಾರರ ಸಂಘದ ಮೇಳ. ಕಾಫಿ, ಮೆಣಸು, ಔಷಧಿ, ಯಂತ್ರಗಳ ಜೊತೆಗೆ ಹವ್ಯಾಸಕ್ಕೆಂದು ಒಂದು ಮೂಲೆ ಇಟ್ಟಿದ್ದರು. ಗಾಡಿಗೆ ಏರಿಸಲು ಸುಲಭವಾಗಲೆಂದು ಹಲಗೆಯನ್ನು ಕಾಫಿ ಕುಡಿದದ್ದೇ ಜಗಲಿಗೆ ತಂದಿಟ್ಟಾಗಿತ್ತು. ಅಲ್ಲಿಗೆ ಹೊಗೆಸೊಪ್ಪಿಗೆಂದು ಲಕ್ಕಪ್ಪ ಬಂದ. ಬಂದವನು ಹಲಗೆಯ ಮುಂದೆ ನಿಂತ, ಹೊಗೆಸೊಪ್ಪು ಮರೆತೇಹೋಯಿತು.

"ಪರಮಶಿವಣ್ಣ, ಇದು ಕಾಫಿ ಕಡ್ಡಿ ಅಲ್ವಾ?"

"ಹೌದಪ್ಪ, ನಿನ್ನ ತೋಟದ್ದೇ. ಬೇಲಿ ಹತ್ರ ಬಿದ್ದಿತ್ತಲ್ಲ."

ಲಕ್ಕಪ್ಪ ಒಂದು ಮರದ ಮೇಲೆ ಬೆರಳಾಡಿಸಿ, ಬೆರಳನ್ನು ಬಿಸಿಲಿಗೆ ಹಿಡಿದ. ತುದಿಯಲ್ಲಿ ಹಳದಿ ಪುಡಿ ಮೆತ್ತಿತ್ತು. ಕಾಫಿ ಬೆಳೆಯುವವನಿಗೆ ಈ ಪುಡಿಯ ವಿಷಯ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲೆ ಮಗುಚಿ ಬೆರಳಾಡಿಸಿದಾಗ ಹಳದಿ ಪುಡಿ ಬಂತೆಂದರೆ ಎಲೆ ರೋಗ ಬಂತೆಂದೇ ಲೆಕ್ಕ. ಅಂದಿನಿಂದ ಅವನಿಗೆ ಅನ್ನ ಸೇರುವುದಿಲ್ಲ.

"ಎಲೆ ರೋಗ," ಎಂದ ಲಕ್ಕಪ್ಪ, ಮನೆಯಲ್ಲಿ ಯಾರಿಗೋ ಕಾಯಿಲೆಯಾದವರ ಧ್ವನಿಯಲ್ಲಿ.

"ರೋಗ ಅಲ್ಲ ಕಣೋ. ಅದು ಕಾಲ. ಆ ದೇಶದಲ್ಲಿ ಚಳಿ ಬರೋಕೆ ಮುಂಚೆ ಎಲೆಯೆಲ್ಲ ಹಳದಿ ಆಗಿ, ಕೆಂಪಾಗಿ, ಉದುರಿಹೋಗ್ತವಂತೆ."

"ಹಳದಿ ಆಗಿ ಉದುರೋದನ್ನೇ ಅಲ್ವೇನಣ್ಣ ರೋಗ ಅನ್ನೋದು? ಅವರು ಮದ್ದು ಹೊಡೆಯಲ್ವಾ?"

"ಮದ್ದು ಯಾಕಪ್ಪ? ವರ್ಷಾ ವರ್ಷಾ ಹಂಗೇ ಆಯ್ತದೆ."

"ವರ್ಷಾ ವರ್ಷಾನಾ?" ಲಕ್ಕಪ್ಪ ಆ ದೇಶದ ರೈತರನ್ನು ನೆನೆದು ಲೊಚಗುಟ್ಟಿದ. "ಪಾಪ. ಹೆಂಗೆ ಬದುಕ್ತಾರೋ ಏನೋ."

ಪರಮಶಿವಯ್ಯನವರು ಮುಚ್ಚಳ ತಂದು ತೋರಿಸಿದರು. ಲಕ್ಕಪ್ಪ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಫೋಟೋ ಬೇರೆ ತೆಗೆದವ್ರೆ. ಇಡೀ ಗುಡ್ಡಕ್ಕೇ ಹತ್ಬುಟ್ಟದೆ," ಎಂದ. ಆಮೇಲೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿದ. ಅದು ಪರಮಶಿವಯ್ಯನವರ ಜಗಲಿಯಿಂದ ನೇರವಾಗಿ ಅವನ ತೋಟಕ್ಕೆ ಬೀಸುತ್ತಿತ್ತು. ಅವನು ದಡದಡನೆ ತೋಟದ ಕಡೆ ಹೊರಟ.

ಅಷ್ಟರಲ್ಲಿ ಎದುರುಮನೆಯ ಭದ್ರಮ್ಮಜ್ಜಿ ಕೋಲೂರಿಕೊಂಡು ಬಂದರು. ಕೈಯಲ್ಲಿ ಬಾಡಿದ ಒಂದು ಮೆಣಸಿನ ಬಳ್ಳಿ.

"ಪರಮಶಿವ, ರೋಗ ಬಂದ ಗಿಡ ಎಲ್ಲ ಮೇಳಕ್ಕೆ ತಗೊಂಡೋಯ್ತಿದ್ದೀಯಂತಲ್ಲಪ್ಪ. ಲಕ್ಕಪ್ಪ ಅಂದ. ಇದನ್ನೂ ಒಂಚೂರು ಚುಚ್ಕಂಡೋಗು. ಯಾಕೆ ಹಳದಿ ಆಯ್ತು ಅಂತ ಆಫೀಸರ್‌ನ ಕೇಳ್ಕಂಡು ಬಾ."

"ಅಜ್ಜಿ, ಇದು ರೋಗ ಅಲ್ಲ, ರೈಲು."

"ರೈಲಾದ್ರೆ ಇನ್ನೂ ಒಳ್ಳೇದು, ಬಿರ್ರನೆ ಹೋಗಿ ಬಿರ್ರನೆ ಬತ್ತದೆ," ಎಂದು ಅಜ್ಜಿ ಬಳ್ಳಿಯನ್ನು ತಾವೇ ಸುರಂಗದ ಬಾಯಿಗೆ ನೆಟ್ಟರು. ಹಿರಿಯರು ನೆಟ್ಟದ್ದನ್ನು ಅವರೆದುರಿಗೇ ಕೀಳುವುದು ಹೇಗೆಂದು ಪರಮಶಿವಯ್ಯನವರಿಗೆ ತೋಚಲಿಲ್ಲ. ಎಂಟು ಗಂಟೆಗೆ ಬರುತ್ತೇನೆಂದಿದ್ದ ಪಿಕಪ್ ಗಾಡಿಯ ವಸಂತ ಬೇರೆ ಬಂದಿರಲಿಲ್ಲ. ಅವನನ್ನು ಎಬ್ಬಿಸಿ ಕರೆತರೋಣವೆಂದು ಹೊರಟರು.

ಅವರು ವಸಂತನ ಗಾಡಿಯಲ್ಲಿ ತಿರುಗಿ ಬರುವ ಹೊತ್ತಿಗೆ ಜಗಲಿಯಿಂದ ಮೆಟ್ಟಿಲಿನವರೆಗೂ ನೀಲಿ ನೀರು ಹರಿಯುತ್ತಿತ್ತು. ಲಕ್ಕಪ್ಪ ಬೆನ್ನಿಗೆ ಸ್ಪ್ರೇಯರ್ ಏರಿಸಿಕೊಂಡು, ಮೂಗಿಗೆ ಟವೆಲು ಕಟ್ಟಿಕೊಂಡು, ಕೊನೆಯ ಮರದ ಬುಡಕ್ಕೆ ಗುರಿ ಹಿಡಿದಿದ್ದ.

"ಹೊಡೆದುಬುಟ್ಟೆ ಕಣಣ್ಣ," ಎಂದ ಟವೆಲು ಸರಿಸಿ. "ಬೋರ್ಡೋ. ಮೈಲುತುತ್ತ, ಸುಣ್ಣ. ಅವಸರದಲ್ಲಿ ಸುಣ್ಣ ಒಂದು ಹಿಡಿ ಮುಂದೆ ಬಿತ್ತು, ಅದೇನು ಕೆಟ್ಟದ್ದಲ್ಲ. ನೆರೆಹೊರೆ ಅಂದ್ಮೇಲೆ ಇಷ್ಟೂ ಮಾಡ್ದಿದ್ರೆ ಹೆಂಗೆ?"

ಪರಮಶಿವಯ್ಯನವರು ಗಾಡಿಯಿಂದ ಹಾರಿ ಇಳಿದರು. ಅವರ ಕಣ್ಣೆದುರಿಗೇ ಹಳದಿ ಮರಗಳು ಒಂದೊಂದಾಗಿ ಕೆಂಪಾಗುತ್ತಿದ್ದವು. ಮೊದಲು ಕೆರೆಯ ದಂಡೆಯ ಸಾಲು, ಆಮೇಲೆ ಗುಡ್ಡದ ಇಳಿಜಾರು, ಕೊನೆಗೆ ನೆತ್ತಿ. ಕೊಂಬೆಗಳಿಂದ ರಕ್ತದಂಥ ಹನಿ ತೊಟ್ಟಿಕ್ಕಿ ಕನ್ನಡಿಯ ಕೆರೆಗೆ ಬೀಳುತ್ತಿತ್ತು. ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆಂದು ಆರತಿ ಎತ್ತುವ ಯಾವ ಹೆಂಗಸಿಗೂ ಗೊತ್ತು. ಆದರೆ ಜಗಲಿಯ ಮೇಲೆ ಆಗ ಆರತಿಯ ಯೋಚನೆಯಲ್ಲಿ ಯಾರೂ ಇರಲಿಲ್ಲ.

ಲಕ್ಕಪ್ಪನ ಕೈಯಿಂದ ಸ್ಪ್ರೇಯರಿನ ಕೊಳವೆ ಜಾರಿತು. "ಇದೇನಣ್ಣ ಇದು, ಮದ್ದು ಬಿದ್ದಂಗೂ ರೋಗ ಏರ್ತಾ ಐತೆ. ನಮ್ಮಪ್ಪನ ಕಾಲದಿಂದ ಬೋರ್ಡೋ ಹೊಡೀತಿದೀವಿ, ಇಂಥದ್ದು ಕಂಡಿಲ್ಲ."

"ಅದು ಅರಿಶಿನ ಕಣೋ ಮಾರಾಯ."

"ಅರಿಶಿನ ಹಚ್ಚಿ ವಾಸಿ ಮಾಡೋಕೆ ಬೇರೆ ನೋಡಿದ್ಯಾ? ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಏ ಇವಳೇ," ಎಂದು ಪರಮಶಿವಯ್ಯನವರು ಅಂಗಡಿಯ ಕಡೆ ಕೂಗಿದರು, "ಮರ ಎಲ್ಲ ಕೆಂಪಾಗೋಯ್ತು ಬಾರೆ."

"ನಿನ್ನೇನೂ ಕೆಂಪಗೇ ಇದ್ವಲ್ಲ," ಎಂಬ ಉತ್ತರ ಬಂತು, ಅದರ ಹಿಂದೆಯೇ ತಕ್ಕಡಿಗೆ ಅವರೆಕಾಳು ಸುರಿಯುವ ಸದ್ದು.

ಅವರು ತಿರುಗಿ ನೋಡಿದರೆ ಲಕ್ಕಪ್ಪ ಇಲ್ಲ. ಸ್ಪ್ರೇಯರನ್ನು ಬೇಲಿಗೆ ನೇತುಹಾಕಿ, ಹೊಸಕೋಟೆಗೆ ಹೋಗುವ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಯಾಗಿತ್ತು.

ವಸಂತ ಗಾಡಿಯನ್ನು ಮದುವೆಯ ಹೆಣ್ಣು ಕೂತಿರುವಂತೆ ನಿಧಾನ ಓಡಿಸಿದ. ಹಿಂದೆ ಹಲಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ ಪರಮಶಿವಯ್ಯನವರು ಒಂದು ಕೈಯಲ್ಲಿ ಗುಡ್ಡ, ಇನ್ನೊಂದರಲ್ಲಿ ಎಂಜಿನ್ನು ಹಿಡಿದು, ಮನಸ್ಸಿನಲ್ಲಿ ಪಂಚಾಕ್ಷರಿ ಜಪಿಸುತ್ತಿದ್ದರು. ಕೆಂಪಾದರೆ ಏನಾಯಿತು, ಮುಚ್ಚಳದ ಚಿತ್ರದಲ್ಲೂ ಕೆಂಪು ಮರಗಳಿಲ್ಲವೆ? ಹಳದಿ ಕಾಲ ಮುಗಿದು ಕೆಂಪು ಕಾಲ ಬಂತು ಎಂದುಕೊಂಡರಾಯಿತು. ರೈಲು ಓಡಿದರೆ ಸಾಕು.

ಹವ್ಯಾಸದ ಮೂಲೆಯಲ್ಲಿ ಅವರ ಎಡಕ್ಕೆ ಬೆಂಕಿಕಡ್ಡಿಯ ದೇವಸ್ಥಾನ, ಬಲಕ್ಕೆ ಕಾಫಿ ಬೇರಿನಲ್ಲಿ ಕೆತ್ತಿದ ನವಿಲು. ತೀರ್ಪುಗಾರರು ಕೃಷ್ಣಪ್ಪನವರು, ನಿವೃತ್ತ ಸ್ಟೇಷನ್ ಮಾಸ್ತರು. ನವಿಲಿನ ಮುಂದೆ ಆಕಳಿಸುತ್ತಿದ್ದ ಅವರು ಹಳಿಯನ್ನು ಕಂಡಿದ್ದೇ ತಡ ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗಾದರು. ಪರಮಶಿವಯ್ಯನವರಿಗೆ ಬೆಳಗಿನಿಂದ ಮೊದಲ ಬಾರಿ ಹೊಟ್ಟೆ ತಣ್ಣಗಾಯಿತು. ರೈಲನ್ನು ರೈಲು ಎನ್ನುವ ಒಬ್ಬರಾದರೂ ಸಿಕ್ಕರಲ್ಲ.

"ಯಾವ ಕಾಲ ಇದು?" ಕೇಳಿದರು ಕೃಷ್ಣಪ್ಪನವರು.

"ಎಲೆ ಉದುರೋ ಕಾಲ ಸ್ವಾಮಿ."

"ಅದು ಕಾಣ್ತದೆ. ಈ ಲೈನಿಗೆ ಸ್ಟೇಷನ್ ಮಾಸ್ಟರ್ ಯಾರು?"

ಪರಮಶಿವಯ್ಯನವರು ಅತ್ತಿತ್ತ ನೋಡಿ, "ನಾನೇ," ಎಂದರು.

"ಡ್ರೈವರ್?"

"ಅದೂ ನಾನೇ."

"ಹಳಿ ನೋಡ್ಕೊಳ್ಳೋ ಗ್ಯಾಂಗ್‌ಮನ್?"

"ನಾನೇ ಸ್ವಾಮಿ."

"ಹಾಗಾದ್ರೆ ಅಪಘಾತ ಆದ್ರೆ ಯಾರನ್ನ ಸಸ್ಪೆಂಡ್ ಮಾಡೋದು?"

ಕೃಷ್ಣಪ್ಪನವರು ಮಂಡಿಯೂರಿ ಹಳಿಯ ಮಟ್ಟಕ್ಕೆ ಕಣ್ಣಿಟ್ಟರು. "ಹಳಿ ಮೇಲೆ ಒದ್ದೆ ಎಲೆ. ಸುರಂಗದ ಬಾಯಿಗೆ ಮರ ಬಿದ್ದಿದೆ." ಅದು ಭದ್ರಮ್ಮಜ್ಜಿಯ ಮೆಣಸಿನ ಬಳ್ಳಿ. "ಎಲೆ ಬಿದ್ದ ಹಳಿ ಮೇಲೆ ಚಕ್ರ ಜಾರುತ್ತೆ ಸ್ವಾಮಿ. ಎಷ್ಟು ಪ್ರಯಾಣಿಕರಿದ್ದಾರೋ ಏನೋ. ನನ್ನ ಸರ್ವಿಸ್ಸಿನಲ್ಲಿ ಇಂಥ ಲೈನಿಗೆ ಗಾಡಿ ಬಿಟ್ಟಿಲ್ಲ, ಇವತ್ತೂ ಬಿಡಲ್ಲ. ಮೊದಲು ಲೈನ್ ಕ್ಲಿಯರ್ ಆಗ್ಲಿ."

ಪರಮಶಿವಯ್ಯನವರು ಬಳ್ಳಿ ಕಿತ್ತು ಕಿಸೆಗೆ ತುರುಕಿ, ಪಂಚೆಯ ಚುಂಗಿನಿಂದ ಹಳಿ ಉಜ್ಜತೊಡಗಿದರು. ಸುಣ್ಣ, ಗೋಂದು, ಮೈಲುತುತ್ತ ಎಲ್ಲ ಸೇರಿ ಒಣಗಿ ಕಲ್ಲಾಗಿತ್ತು. ಕರೆಂಟು ಕೊಟ್ಟರೆ ಎಂಜಿನ್ನು ಮಿಸುಕಾಡಲಿಲ್ಲ. ಮೂಗುದಾರ ಜಗ್ಗಿದರೂ ಕದಲದ ಹೋರಿಯ ಹಾಗೆ ನಿಂತೇಬಿಟ್ಟಿತು.

ಅವರು ಉಗುರಿನಲ್ಲಿ ಕೆರೆಯುತ್ತಿರುವಾಗ ಸುತ್ತ ಕತ್ತಲಾಯಿತು. ತಲೆ ಎತ್ತಿದರೆ ಜನ. ಮುಂದೆ ಲಕ್ಕಪ್ಪ; ಅವನ ಪಕ್ಕ ಸಂಘದ ಅಧ್ಯಕ್ಷರಾದ ಮಹಾದೇವಯ್ಯನವರು, ಜರಿಪೇಟ, ಎದೆಗೆ ಬಟ್ಟೆಯ ಹೂವು.

"ಇದೇ ನೋಡಿ ಸ್ವಾಮಿ," ಎಂದ ಲಕ್ಕಪ್ಪ. "ನನ್ನ ಕೈಯಾರೆ ಬೋರ್ಡೋ ಹೊಡೆದೆ. ನೋಡ್ತಾ ನೋಡ್ತಾ ಹಳದಿ ಇದ್ದದ್ದು ಕೆಂಪಾಯ್ತು."

ಬೋರ್ಡೋಗೆ ಬಗ್ಗದ ರೋಗ ಎಂಬ ಮಾತು ಗುಂಪಿನ ಹಿಂಬದಿಯವರೆಗೂ ಹೋಗಿ, ಇನ್ನಷ್ಟು ದಪ್ಪವಾಗಿ ಮುಂದಕ್ಕೆ ಬಂತು. ಪಾಳ್ಯದ ಕಡೆಯವನೊಬ್ಬ ತನ್ನ ಭಾವಮೈದುನನ ತೋಟದಲ್ಲೂ ಇದನ್ನೇ ಕಂಡೆ ಎಂದ. ಮೇಳಕ್ಕೆ ಬಂದಿದ್ದ ಕಾಫಿ ಮಂಡಳಿಯ ಅಧಿಕಾರಿಗಳನ್ನು ಕೇಳೋಣವೆಂದರೆ ಅವರು ಊಟಕ್ಕೆ ಹೋದವರು ಬಂದಿರಲಿಲ್ಲ.

"ಸ್ವಾಮಿ, ಇದು ಅರಿಶಿನ ಕುಂಕುಮ," ಎಂದರು ಪರಮಶಿವಯ್ಯನವರು ಕೈಮುಗಿದು. "ನೋಡಿ ಬೇಕಾದ್ರೆ." ಸುರಂಗದ ಮರೆಯಲ್ಲಿ ಒದ್ದೆಯಾಗದೆ ಉಳಿದಿದ್ದ ಒಂದು ಮರದಿಂದ ಕೆಂಪು ಪುಡಿ ತೆಗೆದು, ವಿಭೂತಿಯ ಪಟ್ಟೆಗಳ ನಡುವೆ ಹಣೆಗಿಟ್ಟುಕೊಂಡರು.

ಜನ ಎರಡು ಹೆಜ್ಜೆ ಹಿಂದೆ ಸರಿದರು.

"ಬ್ಯಾಡಿ ಅಯ್ನೋರೆ," ಎಂದಿತು ಯಾರದೋ ಕನಿಕರದ ದನಿ. "ಕಣ್ಣಿಗೆ ಗಿಣ್ಣಿಗೆ ಹೋದಾತು."

ಮಹಾದೇವಯ್ಯನವರು ದೂರದಿಂದಲೇ ಸಮಾಧಾನ ಹೇಳಿದರು. "ಪರಮಶಿವಯ್ಯನೋರೆ, ತೋಟಕ್ಕೆ ರೋಗ ಬರೋದು ಅವಮಾನ ಅಲ್ಲ. ಮುಚ್ಚಿಡಬಾರದು ಅಷ್ಟೆ."

"ನಂಗೆ ತೋಟಾನೇ ಇಲ್ಲ ಸ್ವಾಮಿ."

"ಈ ಸ್ಥಿತಿಗೆ ಬಂದ್ಮೇಲೆ ಇನ್ನೆಲ್ಲಿ ಉಳಿದಿರುತ್ತೆ," ಎಂದು ಮಹಾದೇವಯ್ಯನವರು ನಿಟ್ಟುಸಿರು ಬಿಟ್ಟರು. ಸುತ್ತಲಿನವರೂ ಬಿಟ್ಟರು. ಪರಮಶಿವಯ್ಯನವರಿಗೆ ಒಂದು ಗಳಿಗೆ ತನಗೆ ನಿಜವಾಗಿಯೂ ತೋಟವಿತ್ತೇನೋ, ಅದು ಹಾಳಾಯಿತೇನೋ ಎಂಬ ಸಂಕಟವಾಯಿತು. ಅವರೂ ಒಂದು ನಿಟ್ಟುಸಿರು ಬಿಟ್ಟರು. ಅದೇ ಒಪ್ಪಿಗೆಯಾಯಿತು.

ಕಾಫಿ ಸೀಮೆಯಲ್ಲಿ ಮದ್ದಿಗೆ ಬಗ್ಗದ ಗಿಡಕ್ಕೆ ಒಂದೇ ಶಾಸ್ತ್ರ: ಬುಡಸಮೇತ ಕಿತ್ತು ಅಲ್ಲೇ ಸುಡುವುದು. ಮೈಕಿನಲ್ಲಿ ಕರೆ ಹೋಯಿತು. ಯಂತ್ರದ ಮಳಿಗೆ ಬಿಟ್ಟು, ತಿಂಡಿಯ ಮಳಿಗೆ ಬಿಟ್ಟು ಜನ ಬಂದರು. ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡ ನಾಲ್ಕು ಮಂದಿ, ಪರಮಶಿವಯ್ಯನವರು ತಿಂಗಳುಗಟ್ಟಲೆ ಗೋಂದು ಹಚ್ಚಿ ನಿಲ್ಲಿಸಿದ್ದ ಕಾಡನ್ನು ಸೊಪ್ಪು ಕೀಳುವ ಹಾಗೆ ಕಿತ್ತರು. ರಾಶಿ ಹಾಕಿ ಬೆಂಕಿಯಿಟ್ಟರು. ಗೋಣಿಯ ಗುಡ್ಡವೂ ಹೋಯಿತು. ಹೊಗೆ ಮಂಗಳಾರತಿ ಮುಗಿದ ಗರ್ಭಗುಡಿಯ ಹಾಗೆ ಘಮಘಮಿಸಿತು. ಅನೇಕರು ತಮಗರಿವಿಲ್ಲದೆ ಕೈಮುಗಿದರು, ಆದರೂ ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ, ರೋಗದ ಬೀಜ ಉಳಿಯಬಾರದೆಂದು, ಲಕ್ಕಪ್ಪ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಲಗೆಯನ್ನೂ ಹಳಿಯನ್ನೂ ತಿಕ್ಕಿ ತಿಕ್ಕಿ ಒರೆಸಿದ.

ಪರಮಶಿವಯ್ಯನವರು ಎಂಜಿನ್ನನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತರು. ಬರಿಯ ಹಲಗೆ, ಅದರ ಮೇಲೆ ಬರಿಯ ಹಳಿ. ಬಚ್ಚಲ ಒಲೆಗೆ ಇದಕ್ಕಿಂತ ಒಪ್ಪುವ ಸೌದೆ ಇನ್ನಿರಲಿಲ್ಲ.

"ಯಾರ್ರೀ ಡ್ರೈವರು?" ಎಂಬ ದನಿ ಕೇಳಿತು.

ಕೃಷ್ಣಪ್ಪನವರು ಮತ್ತೆ ಮಂಡಿಯೂರಿ ಹಳಿಯ ಮಟ್ಟಕ್ಕೆ ಕಣ್ಣಿಟ್ಟಿದ್ದರು. ಎದ್ದು ಮಂಡಿ ಕೊಡವಿದರು. "ಎಲೆ ಇಲ್ಲ, ಮರ ಇಲ್ಲ, ಗುಡ್ಡ ಕುಸಿಯೋ ಭಯ ಇಲ್ಲ. ಲೈನ್ ಕ್ಲಿಯರ್. ಗಾಡಿ ಬಿಡಿ." ಹಸಿರು ಬಾವುಟ ಸಿಗದೆ, ಹತ್ತಿರವಿದ್ದವನ ಕೈಯಿಂದ ಒಂದು ಹಸಿರು ಚೀಲ ಕಸಿದು ಎತ್ತಿ ಹಿಡಿದರು.

ಪರಮಶಿವಯ್ಯನವರು ಎಂಜಿನ್ನನ್ನು ಹಳಿಯ ಮೇಲಿಟ್ಟು, ಬೋಗಿಗಳನ್ನು ಸಿಕ್ಕಿಸಿ ಗುಂಡಿ ತಿರುಗಿಸಿದರು. ಸೀಮೆಎಣ್ಣೆಯಲ್ಲಿ ತೊಳೆದ ಹಳಿ ಕನ್ನಡಿಯಂತಿತ್ತು. ಎಂಜಿನ್ನು ಒಮ್ಮೆ ಗುರ್ರೆಂದು, ಕಣ್ಣಿನ ದೀಪ ಹೊತ್ತಿಸಿ, ಬೋಗಿಗಳನ್ನೆಳೆದುಕೊಂಡು ಹೊರಟಿತು.

ಗುಂಪು ಹಲಗೆಯ ಸುತ್ತ ಒತ್ತಿಕೊಂಡು ಬಂತು. ಐದಾರು ವರ್ಷದಿಂದ ಆ ಸೀಮೆಯವರು ರೈಲು ಕಂಡಿರಲಿಲ್ಲ. ಮುಂದೆ ನಿಂತಿದ್ದ ಮುದುಕಿಯೊಬ್ಬರು ಸೆರಗು ಸರಿಮಾಡಿಕೊಂಡು, ತಾನು ತವರಿಗೆ ಹೋಗುತ್ತಿದ್ದುದು ಇಂಥದ್ದರಲ್ಲೇ ಎಂದರು. ರೈಲು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಜನರ ತಲೆಗಳು ಅದರ ಜೊತೆಯಲ್ಲೇ ತಿರುಗಿದವು. ಸುಟ್ಟ ಕಾಡಿನ ಹೊಗೆ ಹಲಗೆಯ ಮೇಲೆ ಮಂಜಿನಂತೆ ತೇಲಿ ಬಂದಾಗ ಪರಮಶಿವಯ್ಯನವರಿಗೆ ಕಣ್ಣು ತುಂಬಿತು. ಹೊಗೆಗೋ, ಸಂತೋಷಕ್ಕೋ, ಅವರಿಗೂ ಗೊತ್ತಾಗಲಿಲ್ಲ.

ಹವ್ಯಾಸ ವಿಭಾಗದ ಮೊದಲ ಬಹುಮಾನ ರೈಲಿಗೆ ಎಂದು ಮೈಕು ಹೇಳಿತು. ನವಿಲಿಗೆ ಎರಡನೆಯದು.

ವೇದಿಕೆಯ ಮೇಲೆ ಮಹಾದೇವಯ್ಯನವರು ಶಾಲು ಹೊದಿಸಿ ಕಿವಿಯ ಹತ್ತಿರ ಬಂದರು. "ಮೊದಲ ಬಹುಮಾನದ ವಸ್ತು ಸಂಘದ ಕಟ್ಟಡಕ್ಕೆ ಸೇರುತ್ತೆ, ಅದು ನಮ್ಮಲ್ಲಿ ನಡ್ಕೊಂಡು ಬಂದದ್ದು. ಹಲಗೆ, ಎಂಜಿನ್ನು, ಬೋಗಿ ಎಲ್ಲ ಗಾಜಿನ ಪೆಟ್ಟಿಗೇಲಿ ಇಡಿಸ್ತೀನಿ. ನಿಮ್ಮ ಹೆಸರೂ ಬರೆಸ್ತೀನಿ."

"ಸ್ವಾಮಿ, ಅದು ಮನೇಲಿ, ಹಾಲ್‌ನಲ್ಲಿ…"

"ಎರಡನೇದು ಬಂದಿದ್ರೆ ಮನೆಗೇ ತಗೊಂಡು ಹೋಗ್ಬಹುದಿತ್ತು. ಏನ್ ಮಾಡೋದು, ನಿಮ್ಮದೇ ಚೆನ್ನಾಗಿ ಓಡ್ತು." ಮಹಾದೇವಯ್ಯನವರು ಬೆನ್ನು ತಟ್ಟಿದರು. "ನೀವೇನೂ ಬರಿಗೈಲಿ ಹೋಗಲ್ಲ. ತೋಟ ಕಳ್ಕೊಂಡಿದೀರಿ. ಸಂಘದ ನರ್ಸರಿಯಿಂದ ಒಂದು ಗಾಡಿ ಕಾಫಿ ಸಸಿ ಕೊಡ್ತಾ ಇದೀವಿ. ಮಳೆಗಾಲದವರೆಗೂ ನೆರಳಲ್ಲಿಡಿ, ದಿನಾ ನೀರು ಹಾಕಿ."

ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಲಕ್ಕಪ್ಪ.

ಸಸಿಯ ಭಾರಕ್ಕೆ ವಸಂತನ ಗಾಡಿ ಇನ್ನೂ ನಿಧಾನವಾಯಿತು. ಜನ ತುಂಬಿದ ಬಸ್ಸು ಅವರನ್ನು ದಾಟಿಕೊಂಡು ಮುಂದೆ ಹೋಯಿತು. ಪರಮಶಿವಯ್ಯನವರು ಹೆಂಡತಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದರು. ಬಹುಮಾನ ಬಂತು, ಹಾಲ್ ಕೂಡ ಖಾಲಿಯಾಯಿತು, ನಿನಗೇ ಅನುಕೂಲ. ಸಸಿಗಳನ್ನು ಮಾತ್ರ ಸ್ವಲ್ಪ ದಿನ ಮೂಲೆಯಲ್ಲಿ ಇಟ್ಟುಕೊಳ್ಳೋಣ. ಅವಳು ಒಪ್ಪುತ್ತಾಳೆ. ಒಪ್ಪದೆ ಏನು?

ಸಂಜೆಯ ಬಿಸಿಲಿನಲ್ಲಿ ಮನೆಯ ಮುಂದೆ ಇಳಿದರೆ ಮೆಟ್ಟಿಲ ತುಂಬ ಚಪ್ಪಲಿ. ಹಾಲ್ ಗುಡಿಸಿ ಸಾರಿಸಿದಂತಿತ್ತು. ಮಂಚ ಹೊರಗೆ ಹೋಗಿತ್ತು, ಕಪಾಟು ಅಡುಗೆಮನೆಗೆ ಸರಿದಿತ್ತು. ಗೋಡೆಯ ಸುತ್ತ ಚಾಪೆ ಹಾಸಿ ಕೇರಿಗೆ ಕೇರಿಯೇ ಕೂತಿತ್ತು. ಮುಂದುಗಡೆ ಭದ್ರಮ್ಮಜ್ಜಿ, ಕೋಲಿನ ಮೇಲೆ ಗದ್ದವಿಟ್ಟು. ನಡುವೆ ಹಲಗೆಯಷ್ಟೇ ಅಗಲದ ಜಾಗ ಬಿಟ್ಟು ರಂಗೋಲಿಯ ಗೆರೆ ಎಳೆದಿತ್ತು.

ರಾಜಲಕ್ಷ್ಮಮ್ಮ ಪೆಟ್ಟಿಗೆಯ ತಳದ ಸೀರೆ ಉಟ್ಟಿದ್ದರು. ಮುಖ ಅರಳಿತ್ತು. "ಬಸ್ಸಲ್ಲಿ ಬಂದೋರೆಲ್ಲ ಹೇಳಿದ್ರು ರೀ. ಊರಿಗೆ ಊರೇ ಮೂಕ ಆಗಿ ನೋಡ್ತಂತೆ. ಮುದುಕಿಯೊಬ್ಬಳು ಅತ್ತೇಬಿಟ್ಟಳಂತೆ. ನಾನು ಇಷ್ಟು ದಿನ ಒಂದು ಸಲ ಕಣ್ಣೆತ್ತಿ ನೋಡ್ಲಿಲ್ವಲ್ಲ ಅಂತ ಹೊಟ್ಟೆ ಉರಿದೋಯ್ತು. ಎಲ್ಲರನ್ನೂ ಕರೆದಿದೀನಿ. ತಗೊಂಡ್ ಬನ್ನಿ ಒಳಗೆ, ಎಲ್ಲೈತೆ ರೈಲು?"

ಪರಮಶಿವಯ್ಯನವರು ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರ ಬೆನ್ನ ಹಿಂದೆ ವಸಂತ ಸಸಿಗಳ ಚೀಲಗಳನ್ನು ಇಳಿಸುತ್ತಲೇ ಇದ್ದ.

ರಾಜಲಕ್ಷ್ಮಮ್ಮ ಗಂಡನನ್ನು ನೋಡಿದರು, ಸಸಿಗಳನ್ನು ನೋಡಿದರು, ಚಾಪೆಯ ಮೇಲಿನ ಕೇರಿಯನ್ನು ನೋಡಿದರು. ಕೂತವರಲ್ಲಿ ಯಾರೂ ಏಳುವ ಸೂಚನೆ ಇರಲಿಲ್ಲ.

"ನಮ್ಮಂಥೋರಿಗೆ ರೈಲು ನೋಡೋ ಪುಣ್ಯ ಎಲ್ಲಿ ಬರಬೇಕು," ಎಂದರು ಭದ್ರಮ್ಮಜ್ಜಿ. "ಇನ್ನೆಷ್ಟು ದಿನ ಇರ್ತೀನೋ ನಾನು. ಹೋಗ್ಲಿ ಬುಡು, ಹೆಂಗೆ ಹೋಯ್ತು ಅಂತ ಬಾಯಲ್ಲಾದ್ರೂ ಹೇಳಪ್ಪ."

"ಬಾಯಲ್ಲಿ ಹೇಳಿದ್ರೆ ಏನ್ ಗೊತ್ತಾಯ್ತದೆ?" ಎಂದರು ರಾಜಲಕ್ಷ್ಮಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಸಿಗಳನ್ನು ಒಂದೊಂದಾಗಿ ಒಳಗೆ ತಂದು ರಂಗೋಲಿಯ ಗೆರೆಯ ಸುತ್ತ ಇಡತೊಡಗಿದರು. ಹೆಂಗಸರು ಎದ್ದು ಕೈಜೋಡಿಸಿದರು. ನೋಡನೋಡುತ್ತ ಹಾಲ್‌ನ ನಡುವೆ ಹಸಿರು ಕಾಡೊಂದು ಎದ್ದಿತು.

"ಹೂಂ," ಎಂದರು ರಾಜಲಕ್ಷ್ಮಮ್ಮ. "ಹೊರಡಿ."

"ಯಾರು?"

"ರೈಲು."

ಐವತ್ತು ದಾಟಿದ ದಿನಸಿ ವ್ಯಾಪಾರಿ ಪರಮಶಿವಯ್ಯನವರು, ಶಾಲು ಹೊದ್ದು, ಹಣೆಗೆ ಕುಂಕುಮವಿದ್ದಂತೆಯೇ, ಶಿವನೇ ಎಂದು ಸಸಿಗಳ ನಡುವೆ ಮೆಲ್ಲಗೆ ಒಂದು ಹೆಜ್ಜೆ ಇಟ್ಟರು. ಆಮೇಲೆ ಇನ್ನೊಂದು.

"ಕೂಗ್ಲಿಲ್ಲವಲ್ಲ," ಎಂದರು ಭದ್ರಮ್ಮಜ್ಜಿ.

ಪರಮಶಿವಯ್ಯನವರು ಗಂಟಲು ಸರಿಮಾಡಿಕೊಂಡು ಕೂಗಿದರು. ಕೇರಿ ತಲೆದೂಗಿತು. ಒಂದು ಸುತ್ತು ಮುಗಿಯುವಷ್ಟರಲ್ಲಿ ಉಸಿರು ಕಟ್ಟಿ, ನಿಲ್ಲೋಣವೆಂದು ಅವರು ಬಾಗಿಲ ಕಡೆ ತಿರುಗಿದರು.

"ರೀ, ಅಲ್ಲಿ ಹಳಿ ಇಲ್ಲ," ಎಂದರು ರಾಜಲಕ್ಷ್ಮಮ್ಮ. "ದೇವರ ಮನೆ ಹತ್ರ ತಿರುಗ್ಬೇಕು. ಹಿಂದೆ ಕೂತೋರು ಇನ್ನೂ ನೋಡಿಲ್ಲ."